ನಿಮ್ಮ ಹೊಂಡದಲ್ಲಿರುವುದು ಹಂಸ ಅಲ್ಲ, ಆದರೆ ನಿಮ್ಮ ಮಾವ ಹೇಳಿದ್ದೂ ತಪ್ಪಲ್ಲ

ಪ್ರಶ್ನೆ: ಲಕ್ಷ್ಮೇಶ್ವರದ ಹತ್ತಿರ ನಮ್ಮ ತೋಟವಿದೆ. ಕೃಷಿ ಹೊಂಡಕ್ಕೆ ಬಿಡೋಣವೆಂದು ಹೋದ ವರ್ಷ ಒಂದು ಜೋಡಿ ಬಿಳಿ ಹಕ್ಕಿ ತಂದೆವು. ಮಾರಿದವನು ಹಂಸ ಎಂದ. ಕಿತ್ತಳೆ ಬಣ್ಣದ ಕೊಕ್ಕು, ಹಣೆಯ ಮೇಲೆ ಅದೇ ಬಣ್ಣದ ಗಂಟು. ಲಂಡನ್‌ನಲ್ಲಿರುವ ನನ್ನ ತಮ್ಮ ವಿಡಿಯೊ ಕಾಲ್‌ನಲ್ಲಿ ನೋಡಿ, "ಅಕ್ಕಾ, ಇದು ಹಂಸ ಅಲ್ಲವೇ ಅಲ್ಲ, ನಿಜವಾದ ಹಂಸನ ಇಲ್ಲಿನ ಪಾರ್ಕ್‌ನಲ್ಲಿ ದಿನಾ ನೋಡ್ತೀನಿ" ಎಂದು ನಕ್ಕ. ಅತ್ತೆಯವರು ಪರೀಕ್ಷೆ ಮಾಡೋಣವೆಂದು ನೀರು ಬೆರೆಸಿದ ಹಾಲು ಇಟ್ಟರು. ಎರಡೂ ಹಕ್ಕಿ ಹಾಲು ನೀರು ಎನ್ನದೆ ಎಲ್ಲವನ್ನೂ ಕುಡಿದವು! ಇನ್ನೊಂದು ಜಗಳ ಮಾಗಡಿ ಕೆರೆಯದ್ದು. ಚಳಿಗಾಲದಲ್ಲಿ ಅಲ್ಲಿಗೆ ಬರುವ ಹಕ್ಕಿಗಳನ್ನು ಮಾವನವರು ಮೊದಲಿನಿಂದಲೂ ಹಂಸ ಎನ್ನುತ್ತಾರೆ. ಮಗಳು ಅದು ಹೆಬ್ಬಾತು ಎಂದು ಹಟ ಹಿಡಿದಿದ್ದಾಳೆ. ಯಾರ ಮಾತು ಸರಿ?

ಉತ್ತರ:

ಮೊದಲು ಆ ಹಾಲಿನ ಬೋಗುಣಿ ಎತ್ತಿಡಿ, ತಾಯಿ. ಮಿಕ್ಕಿದ್ದು ಆಮೇಲೆ. ಹಾಲಿನಲ್ಲಿರುವ ಸಕ್ಕರೆಯನ್ನು ಅರಗಿಸುವ ಶಕ್ತಿ ಹಕ್ಕಿಗಳ ಹೊಟ್ಟೆಗಿಲ್ಲ. ಒಂದು ದಿನ ಕುಡಿದದ್ದಕ್ಕೆ ಏನೂ ಆಗಲ್ಲ. ದಿನಾ ಇಟ್ಟರೆ ಭೇದಿ ಶುರುವಾಗುತ್ತದೆ. ನಿಜವಾದ ಹಂಸ ತಂದಿಟ್ಟರೂ ಈ ಪರೀಕ್ಷೆಯಲ್ಲಿ ಫೇಲೇ ಆಗುತ್ತದೆ ಎಂದು ನಿಮ್ಮ ಅತ್ತೆಯವರಿಗೆ ಹೇಳಿ. ಬಾತಿನ ಕುಟುಂಬದ ಹಕ್ಕಿಗಳ ಕೊಕ್ಕಿನ ಅಂಚಿಗೆ ಬಾಚಣಿಗೆಯ ಹಲ್ಲಿನಂಥ ಸಾಲು ಇರುತ್ತದೆ. ಕೆಸರು ನೀರನ್ನು ಬಾಯಿಗೆ ತೆಗೆದುಕೊಂಡು, ನೀರನ್ನು ಪಕ್ಕದಿಂದ ಹೊರಗೆ ಬಿಟ್ಟು, ಕಾಳು ಹುಳವನ್ನು ಒಳಗೆ ಉಳಿಸಿಕೊಳ್ಳುತ್ತವೆ. ಹಾಲು ನೀರಿನ ಕಥೆ ಇದನ್ನು ಕಂಡವರ ಬಾಯಲ್ಲೇ ಹುಟ್ಟಿರಬೇಕು ಎಂಬುದು ನನ್ನ ಊಹೆ.

ನಿಮ್ಮ ಹೊಂಡದಲ್ಲಿರುವುದು ಹೆಬ್ಬಾತು. ನೀವು ಬರೆದ ಗುರುತುಗಳ ಪ್ರಕಾರ ಚೈನೀಸ್ ಗೂಸ್ ಎನ್ನುವ ಸಾಕುತಳಿ. ನಮ್ಮಲ್ಲಿ ಫಾರ್ಮ್‌ಹೌಸ್, ರೆಸಾರ್ಟ್‌ಗಳಲ್ಲಿ ಹಂಸ ಎಂದು ಓಡಾಡುವವು ಬಹುಪಾಲು ಇವೇ. ನಾನು ಪಶುವೈದ್ಯನಾಗಿದ್ದಾಗ ಒಂದು ತೋಟದ ಮನೆಯಿಂದ "ಹಂಸ ಕುಂಟುತ್ತಿದೆ, ಬೇಗ ಬನ್ನಿ" ಎಂದು ಕರೆ ಬಂದಿತ್ತು. ಹೋಗಿ ನೋಡಿದರೆ ಇದೇ ಹಕ್ಕಿ. ಅಂಗಾಲಿನಲ್ಲಿ ಮುಳ್ಳು ಚುಚ್ಚಿ ಕೀವಾಗಿತ್ತು. ಇದು ಹೆಬ್ಬಾತು ಎಂದೆ. ಮಾಲೀಕರಿಗೆ ಮುಳ್ಳಿಗಿಂತ ಆ ಮಾತೇ ಜಾಸ್ತಿ ಚುಚ್ಚಿತು. ಫೀಸು ಕೊಡುವಾಗಲೂ "ನಮ್ಮ ಹಂಸ" ಎಂದೇ ಹೇಳಿದರು. ಹೊರಡುವಾಗ ಗಂಡು ಹಕ್ಕಿ ಅಟ್ಟಿಸಿಕೊಂಡು ಬಂದು ನನ್ನ ಮೊಣಕಾಲಿನ ಹಿಂದೆ ಕಚ್ಚಿತು. ಆ ನೀಲಿ ಗುರುತು ಎರಡು ವಾರ ಇತ್ತು.

ಬಾತು, ಹೆಬ್ಬಾತು, ಹಂಸ ಮೂರೂ ಒಂದೇ ಕುಟುಂಬದವು. ಅದಕ್ಕೇ ಗೊಂದಲ. ಹೆಬ್ಬಾತು ಮತ್ತು ಹಂಸಗಳಲ್ಲಿ ಗಂಡು ಹೆಣ್ಣಿನ ಬಣ್ಣವೂ ಸಾಮಾನ್ಯವಾಗಿ ಒಂದೇ. ಹಾಗಾಗಿ ಬಣ್ಣದ ಮೇಲೆ ತೀರ್ಮಾನ ಮಾಡಲು ಹೋಗಬೇಡಿ. ಬಿಳಿ ಇದ್ದರೆ ಹಂಸ, ಬೂದು ಇದ್ದರೆ ಹೆಬ್ಬಾತು ಎಂದುಕೊಂಡವರೇ ಮೋಸ ಹೋಗುವುದು. ಉತ್ತರ ಅಮೆರಿಕದ ಸ್ನೋ ಗೂಸ್ ಹಿಮದಷ್ಟು ಬಿಳಿ, ಆದರೆ ಹೆಬ್ಬಾತು. ಆಸ್ಟ್ರೇಲಿಯಾದ ಕಪ್ಪು ಹಂಸ ಕಾಡಿಗೆಯಷ್ಟು ಕಪ್ಪು, ಆದರೆ ಅಪ್ಪಟ ಹಂಸ. 1697ರಲ್ಲಿ ಡಚ್ ನಾವಿಕ ವಿಲ್ಲೆಮ್ ಡಿ ವ್ಲಾಮಿಂಕ್ ಈಗಿನ ಪರ್ತ್ ಊರಿನ ನದಿಯಲ್ಲಿ ಅದನ್ನು ನೋಡುವ ತನಕ, ಕಪ್ಪು ಹಂಸ ಎಂದರೆ ಯುರೋಪಿನವರಿಗೆ ನಮ್ಮ ಮೊಲದ ಕೋಡು ಇದ್ದ ಹಾಗೆ.

ನೋಡಬೇಕಾದದ್ದು ಮುಖ. ಕಣ್ಣಿನಿಂದ ಕೊಕ್ಕಿನವರೆಗೆ ಒಂದು ಬೆರಳಿನಷ್ಟು ಜಾಗ ಇದೆಯಲ್ಲ, ಅಲ್ಲಿ ಏನಿದೆ ನೋಡಿ. ಬೆಳೆದ ಹಂಸಕ್ಕೆ ಅಲ್ಲಿ ಪುಕ್ಕ ಇರುವುದಿಲ್ಲ. ಬರೀ ಚರ್ಮ. ಕೊಕ್ಕೇ ಮುಂದುವರಿದು ಕಣ್ಣಿಗೆ ತಾಗಿದಂತೆ ಕಾಣುತ್ತದೆ. ಹೆಬ್ಬಾತಿಗೆ ಆ ಜಾಗದಲ್ಲೂ ಸಣ್ಣ ಪುಕ್ಕ ತುಂಬಿರುತ್ತದೆ. ಕೊಕ್ಕು ಅಲ್ಲೇ ನಿಂತುಬಿಡುತ್ತದೆ, ಕಣ್ಣು ಬೇರೆಯಾಗಿ ದುಂಡಗೆ ಕಾಣುತ್ತದೆ. ನಾಳೆ ಕಾಳು ಹಾಕುವಾಗ ಹತ್ತಿರದಿಂದ ನೋಡಿ. ಮಗಳನ್ನೂ ಕರೆದು ತೋರಿಸಿ. ನನಗೆ ತಿಳಿದ ಮಟ್ಟಿಗೆ ಇದಕ್ಕಿಂತ ಗಟ್ಟಿಯಾದ, ಸುಲಭದ ಗುರುತು ಇನ್ನೊಂದಿಲ್ಲ.

ಇನ್ನು ಆ ಗಂಟು. ನಿಮಗೆ ಮಾರಿದವನಿಗೆ ಅನುಕೂಲವಾದದ್ದು ಅದೇ ಇರಬೇಕು. ನಿಮ್ಮ ತಮ್ಮ ಲಂಡನ್‌ನಲ್ಲಿ ನೋಡುವುದು ಮ್ಯೂಟ್ ಸ್ವಾನ್ ಎಂಬ ಬಿಳಿ ಹಂಸ. ಅದಕ್ಕೂ ಗಂಟು ಇದೆ. ಆದರೆ ಅದರ ಗಂಟು ಕಪ್ಪು, ಕೊಕ್ಕು ಮಾತ್ರ ಕಿತ್ತಳೆ. ಗಂಟಿನಿಂದ ಕಣ್ಣಿನವರೆಗಿನ ಬೋಳು ಚರ್ಮವೂ ಕಪ್ಪೇ, ಕಾಡಿಗೆ ಹಚ್ಚಿ ಒರೆಸಿದ ಹಾಗೆ. ನಿಮ್ಮ ಬಿಳಿ ಹೆಬ್ಬಾತಿಗೆ ಗಂಟೂ ಕಿತ್ತಳೆ, ಕೊಕ್ಕೂ ಕಿತ್ತಳೆ. ಗಂಟು ಕೂತಿರುವ ಜಾಗವೂ ಬೇರೆ, ಹಣೆಯಿಂದ ಮೇಲಕ್ಕೆ ಎದ್ದು ನಿಂತಿರುತ್ತದೆ. ಇದೇ ತಳಿಯಲ್ಲಿ ಕಂದು ಬಣ್ಣದವೂ ಬರುತ್ತವೆ. ಅವಕ್ಕೆ ಕೊಕ್ಕು ಗಂಟು ಎರಡೂ ಕಪ್ಪು, ಕತ್ತಿನ ಹಿಂಭಾಗದಲ್ಲಿ ತಲೆಯಿಂದ ಕೆಳಗೆ ಉದ್ದಕ್ಕೆ ಕಂದು ಪಟ್ಟೆ. ಗಂಡಿನ ಗಂಟು ಹೆಣ್ಣಿನದಕ್ಕಿಂತ ದೊಡ್ಡದು. ನಿಮ್ಮ ಜೋಡಿ ನಿಜವಾಗಿ ಜೋಡಿಯೋ, ಎರಡೂ ಗಂಡೋ ಎಂದು ಅದರಲ್ಲೇ ಅಂದಾಜು ಸಿಗುತ್ತದೆ.

ಈ ಸಾಕುತಳಿಯ ಮೂಲ ಮಂಗೋಲಿಯಾ, ಉತ್ತರ ಚೀನಾ ಕಡೆಯ ಒಂದು ಕಾಡು ಹೆಬ್ಬಾತು. ಅದರ ಕತ್ತು ಉಳಿದ ಹೆಬ್ಬಾತುಗಳಿಗಿಂತ ಉದ್ದ. ವಿಜ್ಞಾನದಲ್ಲಿ ಅದರ ಹೆಸರು ಆನ್ಸರ್ ಸಿಗ್ನಾಯ್ಡಿಸ್, ಅಂದರೆ ಹಂಸದಂಥ ಹೆಬ್ಬಾತು. ಹೆಸರಿಟ್ಟವರಿಗೇ ಹಾಗೆ ಅನ್ನಿಸಿದ ಮೇಲೆ ನೀವು ಮೋಸ ಹೋದದ್ದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಯುರೋಪಿನ ಸಾಕು ಹೆಬ್ಬಾತುಗಳದ್ದು ಬೇರೆ ಮೂಲ, ಗ್ರೇಲ್ಯಾಗ್ ಎಂಬ ಬೂದು ಹೆಬ್ಬಾತು. ಅವಕ್ಕೆ ಗಂಟಿಲ್ಲ.

ಕತ್ತು, ಕಾಲು, ತೂಕ ಇವನ್ನೂ ಹೇಳಿಬಿಡುತ್ತೇನೆ. ಹಂಸದ ಕತ್ತಿನಲ್ಲಿ 22ರಿಂದ 25 ಮೂಳೆಗಳಿವೆ. ಮನುಷ್ಯನಿಗೂ ಜಿರಾಫೆಗೂ ಇರುವುದು ಏಳೇ. ಹೆಬ್ಬಾತಿಗೆ ಹಂಸಕ್ಕಿಂತ ಕಡಿಮೆ. ಹಂಸ ಕತ್ತನ್ನು ನೀರೊಳಗೆ ಆಳಕ್ಕೆ ಇಳಿಸಿ ತಳದ ಗಿಡ, ಬೇರು ಕಿತ್ತು ತಿನ್ನುತ್ತದೆ. ಅದರ ಊಟದ ಮನೆ ನೀರೇ. ಹೆಬ್ಬಾತಿನದು ಹುಲ್ಲುಗಾವಲು. ದನದ ಹಾಗೆ ಮೇಯುವ ಹಕ್ಕಿ ಅದು. ಕಾಲು ಮೈಯ ನಡುಭಾಗದಲ್ಲಿರುವುದರಿಂದ ನೆಲದ ಮೇಲೆ ಚೆನ್ನಾಗಿ ನಡೆಯುತ್ತದೆ, ನನ್ನಂಥವರನ್ನು ಅಟ್ಟಿಸಿಕೊಂಡೂ ಬರುತ್ತದೆ. ಹಂಸದ ಕಾಲು ಇನ್ನೂ ಹಿಂದಕ್ಕೆ. ನೀರಲ್ಲಿ ರಾಣಿ, ದಡ ಹತ್ತಿದರೆ ತುಂಬು ಗರ್ಭಿಣಿಯ ನಡಿಗೆ. 'ಹಂಸಗಮನೆ' ಎಂದು ಹೊಗಳಿದ ಕವಿಗಳು ಯಾವ ಹಕ್ಕಿ ನಡೆಯುವುದನ್ನು ನೋಡಿದ್ದರೋ! ಕಾಲಿನ ಬಣ್ಣವೂ ಬೇರೆ. ಹಂಸಗಳಿಗೆ ಹೆಚ್ಚಾಗಿ ಕಪ್ಪು, ನಿಮ್ಮ ಹೆಬ್ಬಾತಿಗೆ ಕಿತ್ತಳೆ.

ತೂಕದಲ್ಲಂತೂ ಹೋಲಿಕೆಯೇ ಇಲ್ಲ. ಗಂಡು ಮ್ಯೂಟ್ ಸ್ವಾನ್ 10ರಿಂದ 12 ಕಿಲೊ ತೂಗುತ್ತದೆ, ರೆಕ್ಕೆ ಬಿಚ್ಚಿದರೆ ಎರಡು ಮೀಟರ್‌ಗೂ ಜಾಸ್ತಿ. ನಿಮ್ಮದು ನಾಲ್ಕೈದು ಕಿಲೊ ಇದ್ದೀತು. ಮಾಗಡಿ ಕೆರೆಯದು ಎರಡರಿಂದ ಮೂರು ಕಿಲೊ, ಅಷ್ಟೇ.

ದನಿಯ ವಿಷಯ ನಿಮ್ಮ ಅಕ್ಕಪಕ್ಕದವರನ್ನೇ ಕೇಳಿ. ರಾತ್ರಿ ಯಾರಾದರೂ ಗೇಟು ಮುಟ್ಟಿದರೆ ನಿಮ್ಮ ಜೋಡಿ ಊರೆಲ್ಲ ಏಳುವಂತೆ ಕೂಗುತ್ತದೆ, ಅಲ್ವಾ? ಹೆಬ್ಬಾತಿನ ಗುಣವೇ ಅದು. ಕಾವಲಿಗೆ ನಾಯಿಗಿಂತ ಮೇಲು ಎಂದು ಸಾಕುವವರಿದ್ದಾರೆ. ಮ್ಯೂಟ್ ಸ್ವಾನ್‌ಗೆ 'ಮೂಕ' ಎಂದು ಹೆಸರು ಬಂದದ್ದು ಅದು ಅಷ್ಟು ಕೂಗುವುದಿಲ್ಲ ಎಂದು. ಪೂರ್ತಿ ಮೂಕ ಏನಲ್ಲ, ಬುಸುಗುಡುತ್ತದೆ, ಗೊರಗುಡುತ್ತದೆ. ಹಾರುವಾಗ ಮಾತ್ರ ಅದರ ರೆಕ್ಕೆಯ ಸದ್ದು ದೂರಕ್ಕೆ ಕೇಳುತ್ತದೆ. ಇಂಗ್ಲೆಂಡ್‌ನಲ್ಲಿ ತೆರೆದ ನೀರಿನಲ್ಲಿರುವ ಗುರುತು ಹಾಕದ ಮ್ಯೂಟ್ ಸ್ವಾನ್‌ಗಳನ್ನೆಲ್ಲ ತನ್ನದು ಎನ್ನುವ ಹಕ್ಕು ಅಲ್ಲಿನ ರಾಜಮನೆತನಕ್ಕಿದೆ. ಪ್ರತಿ ಜುಲೈನಲ್ಲಿ ಥೇಮ್ಸ್ ನದಿಯಲ್ಲಿ ದೋಣಿಗಳಲ್ಲಿ ಹೋಗಿ ಅವನ್ನು ಎಣಿಸುತ್ತಾರೆ. ನಿಮ್ಮ ತಮ್ಮನಿಗೆ ಗೊತ್ತಿಲ್ಲದಿದ್ದರೆ ಹೇಳಿ, ಈ ಸಲ ನೀವು ನಗಬಹುದು.

ಈಗ ಮಾಗಡಿ ಕೆರೆಯ ಜಗಳಕ್ಕೆ ಬರೋಣ. (ಬೆಂಗಳೂರು ಪಕ್ಕದ ಮಾಗಡಿ ಅಲ್ಲ, ಗದಗ ಜಿಲ್ಲೆ ಶಿರಹಟ್ಟಿ ಕಡೆಯ ಮಾಗಡಿ ಎಂದು ಉಳಿದ ಓದುಗರಿಗೆ ಹೇಳಿಬಿಡುತ್ತೇನೆ.) ಮಗಳ ಮಾತು ಸರಿ. ಅಲ್ಲಿಗೆ ಹಿಂಡುಹಿಂಡಾಗಿ ಬರುವುದು ಪಟ್ಟೆತಲೆ ಹೆಬ್ಬಾತು. ತಿಳಿ ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು, ಹಳದಿ ಕಾಲು. ಹಗಲು ಕೆರೆಯಲ್ಲಿ ನಿದ್ದೆ. ಸಂಜೆಯಾದರೆ ಸುತ್ತಲಿನ ಶೇಂಗಾ, ಕಡಲೆ ಹೊಲಗಳಿಗೆ ಊಟಕ್ಕೆ. ಹೊಲದವರು ಬೈದುಕೊಂಡೂ ಸಹಿಸಿಕೊಂಡಿದ್ದಾರೆ. ಅವರು ಸಹಿಸದಿದ್ದರೆ ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಕೆರೆ, ಜೌಗು ನೆಲಗಳ ಪಟ್ಟಿಗೆ, ಸೇರುತ್ತಿತ್ತೋ ಇಲ್ಲವೋ.

ಈ ಹಕ್ಕಿ ಬರುವ ದಾರಿಯ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಮರಿ ಮಾಡುವುದು ಮಂಗೋಲಿಯಾ, ಟಿಬೆಟ್, ನಮ್ಮ ಲಡಾಖ್‌ನ ಎತ್ತರದ ಸರೋವರಗಳಲ್ಲಿ. ಚಳಿಗೆ ಹಿಮಾಲಯ ದಾಟಿ ಬರುತ್ತದೆ. ಬೆನ್ನಿಗೆ ಉಪಕರಣ ಕಟ್ಟಿ ಅಳೆದಾಗ 7,000 ಮೀಟರ್‌ಗೂ ಮೇಲೆ ಹಾರಿದ್ದು ದಾಖಲಾಗಿದೆ. ಆ ಎತ್ತರದಲ್ಲಿ ನಮಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಇದರ ರಕ್ತದ ಹಿಮೋಗ್ಲೋಬಿನ್ ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇದು ಜಾಣ ಹಕ್ಕಿಯೂ ಹೌದು. ಸುಮ್ನೆ ಮೇಲೆ ಮೇಲೆ ಹೋಗುವುದಿಲ್ಲ. ಬೆಟ್ಟದ ಏರಿಳಿತಕ್ಕೆ ತಕ್ಕಂತೆ ಏರುತ್ತಾ ಇಳಿಯುತ್ತಾ, ಗಾಳಿ ತಣ್ಣಗೆ ದಟ್ಟವಾಗಿರುವ ರಾತ್ರಿ ಮತ್ತು ಬೆಳಗಿನ ಜಾವವನ್ನು ಆರಿಸಿಕೊಂಡು ಹಾರುತ್ತದೆ. ಕಳೆದ ಶತಮಾನದಲ್ಲಿ ಮಕಾಲು ಶಿಖರದ ಕಡೆ ಒಂದು ರಾತ್ರಿ ಇವು ತೀರ ಮೇಲೆ ಕೂಗುತ್ತಾ ಹೋದದ್ದನ್ನು ಕೇಳಿ ಬರೆದವರು ಅಮೆರಿಕದ ಒಬ್ಬ ಜೀವವಿಜ್ಞಾನಿ. ಅವರ ಹೆಸರು ಲಾರೆನ್ಸ್ ಸ್ವಾನ್. ಹೆಬ್ಬಾತಿನ ದನಿ ಕೇಳಿದವರ ಹೆಸರೇ ಹಂಸ!

ಹಾಗಾದರೆ ಮಾವನವರು ಸೋತರಾ? ಇಲ್ಲ.

ಹಂಸ ಎಂಬ ಸಂಸ್ಕೃತ ಪದ, ಜರ್ಮನ್ನರ ಗಾನ್ಸ್, ಲ್ಯಾಟಿನ್‌ನ ಆನ್ಸರ್, ಇಂಗ್ಲಿಷಿನ ಗೂಸ್, ಎಲ್ಲವೂ ಒಂದೇ ಬೇರಿನವು. ಆ ಭಾಷೆಗಳಲ್ಲಿ ಅರ್ಥ ಹೆಬ್ಬಾತು. ನಮ್ಮಲ್ಲಿ ಅದೇ ಪದ ಹಳಗನ್ನಡಕ್ಕೆ ಬಂದು 'ಅಂಚೆ' ಆಯಿತು. ಕಾಗದ ತರುವ ಅಂಚೆಯಲ್ಲ, ಹಳೆಯ ಕಾವ್ಯದ ಅಂಚೆ, ಅಂದರೆ ಹಂಸ. ಪಟ್ಟೆತಲೆ ಹೆಬ್ಬಾತಿಗೆ 1790ರಲ್ಲಿ ಜಾನ್ ಲೇಥಮ್ ಎಂಬ ಇಂಗ್ಲಿಷ್ ಪಕ್ಷಿಶಾಸ್ತ್ರಜ್ಞ ಕೊಟ್ಟ ಹೆಸರಿನಿಂದ ಅದು ಇವತ್ತು ಆನ್ಸರ್ ಇಂಡಿಕಸ್. ಪದದ ಬೇರು ಹಿಡಿದು ಕನ್ನಡಕ್ಕೆ ತಂದರೆ 'ಇಂಡಿಯಾದ ಹಂಸ' ಎಂದೇ ಆಗುತ್ತದೆ. ನಿಮ್ಮ ಮಾವ ಲ್ಯಾಟಿನ್ ಓದದೆ ಅದನ್ನೇ ಹೇಳುತ್ತಿದ್ದಾರೆ.

ಇನ್ನೊಂದು ಕಾರಣವೂ ಇದೆ. ಈಗ ನಾವು ಹಂಸ ಎನ್ನುವ ಆ ಉದ್ದ ಕತ್ತಿನ ದೊಡ್ಡ ಬಿಳಿ ಹಕ್ಕಿ ನಮ್ಮ ಕೆರೆಗಳಿಗೆ ಬರುವುದಿಲ್ಲ. ಭಾರತಕ್ಕೇ ಅದು ತೀರ ಅಪರೂಪ, ಯಾವಾಗಲೋ ಒಮ್ಮೆ ಕಡು ಚಳಿಗೆ ವಾಯವ್ಯದ ಕಡೆ ದಾರಿ ತಪ್ಪಿ ಬಂದದ್ದುಂಟು. ಹೆಬ್ಬಾತು ಹಾಗಲ್ಲ, ಪ್ರತಿ ವರ್ಷ ಬರುವ ನೆಂಟ. ಹಿಮಾಲಯದ ಆಚೆಯ ಸರೋವರದಿಂದ ಬಂದು ಹೋಗುವ ಹಕ್ಕಿ, ಮಾನಸ ಸರೋವರದ ನಿವಾಸಿ ಎಂದು ಕವಿಗಳು ಹಾಡಿದ್ದು ಇದಕ್ಕೆ ಹೊಂದುತ್ತದೆ. ಕಾವ್ಯದಲ್ಲಿ ಮಳೆಗಾಲದ ಮೋಡ ಕಂಡಾಗ ಹೊರಡುತ್ತವೆ, ನಿಜದಲ್ಲಿ ಬೇಸಿಗೆ ಬಲಿಯುವ ಮುಂಚೆಯೇ ಹೊರಟುಬಿಡುತ್ತವೆ. ಅಷ್ಟು ಹೆಚ್ಚುಕಮ್ಮಿ ಕವಿಗಳಿಗೆ ಬಿಟ್ಟುಕೊಡೋಣ.

ಕಲ್ಲಿನಲ್ಲೂ ಸಾಕ್ಷಿ ಇದೆ. ಹಳೇಬೀಡಿಗೆ ಹೋದಾಗ ಹೊಯ್ಸಳೇಶ್ವರ ಗುಡಿಯ ಗೋಡೆಯ ಕೆಳಭಾಗದ ಪಟ್ಟಿಗಳನ್ನು ನೋಡಿ. ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು, ಮೇಲಿನ ಪಟ್ಟಿಯಲ್ಲಿ ಹಂಸಗಳ ಸಾಲು. ಗೈಡುಗಳು ಆನೆ, ಕುದುರೆ, ಮಕರ ಎಲ್ಲ ತೋರಿಸಿ ಹಂಸವನ್ನು ಒಂದೇ ಉಸಿರಿನಲ್ಲಿ ಮುಗಿಸಿಬಿಡುತ್ತಾರೆ. ನೀವು ನಿಂತು ನೋಡಿ. ದುಂಡು ಮೈ, ಮೋಟು ಕತ್ತು, ಗಟ್ಟಿ ಕಾಲು. ಬಾಲ ಮಾತ್ರ ಶಿಲ್ಪಿಯ ಖುಷಿಗೆ ಬಳ್ಳಿಯಾಗಿ ಹಬ್ಬಿದೆ. ಥೇಮ್ಸ್‌ನ ಹಕ್ಕಿಗೂ ಇದಕ್ಕೂ ಸಂಬಂಧವೇ ಇಲ್ಲ. ಬಿಹಾರದ ಲೌರಿಯಾ ನಂದನ್‌ಗಢದ ಅಶೋಕ ಸ್ತಂಭದ ಮೇಲ್ಭಾಗದಲ್ಲಿರುವ ಹಂಸದ ಸಾಲೂ ಹೀಗೇ, ನೆಲ ಕುಕ್ಕುತ್ತಾ ಹೋಗುವ ಹೆಬ್ಬಾತುಗಳು. ಜೆ. ಪಿ. ಫೋಗಲ್ ಎಂಬ ಡಚ್ ವಿದ್ವಾಂಸರು ಭಾರತದ ಕಲೆ ಸಾಹಿತ್ಯಗಳ ಹಂಸ ಎಂದರೆ ಹೆಬ್ಬಾತು ಎಂದು ಒಂದು ಪುಸ್ತಕವನ್ನೇ ಬರೆದರು, ಅವರು ತೀರಿಕೊಂಡ ಮೇಲೆ 1962ರಲ್ಲಿ ಅದು ಅಚ್ಚಾಯಿತು. ಎಲ್ಲರೂ ಒಪ್ಪಿಲ್ಲ. ಕಾವ್ಯದ ಹಂಸ ಅಚ್ಚ ಬಿಳುಪಲ್ಲವೇ, ಅದು ಸ್ವಾನ್ ಯಾಕಾಗಬಾರದು ಎನ್ನುವವರೂ ಇದ್ದಾರೆ. ನಾನು ಹೆಬ್ಬಾತಿನ ಪಕ್ಷ.

ಹಾಗಾದರೆ ನಮ್ಮ ತಲೆಯೊಳಗೆ ಆ ಬಿಳಿ ಸ್ವಾನ್ ಬಂದು ಕೂತದ್ದು ಯಾವಾಗ? ಚಿತ್ರಗಳಿಂದ ಎಂಬುದು ನನ್ನ ಅನಿಸಿಕೆ. ರಾಜಾ ರವಿವರ್ಮ ದಮಯಂತಿಯ ಎದುರು ಕೂರಿಸಿದ್ದು ಉದ್ದ ಕತ್ತಿನ ಬಿಳಿ ಹಕ್ಕಿ. ಅವರ ಮುದ್ರಣಾಲಯದ ಚಿತ್ರಗಳು, ಆಮೇಲೆ ಅದನ್ನೇ ನೋಡಿ ಬರೆದ ಕ್ಯಾಲೆಂಡರುಗಳು ಮನೆಮನೆಯ ಗೋಡೆಗೆ ಬಂದವು. ಇಂಗ್ಲಿಷ್ ಪಾಠದಲ್ಲಿ ಎಸ್ ಫಾರ್ ಸ್ವಾನ್ ಬಂತು, ಮೇಷ್ಟ್ರು ಹಂಸ ಎಂದು ಅರ್ಥ ಹೇಳಿದರು. ಗೂಸ್‌ಗೆ ಹೊಸ ಹೆಸರು ಬೇಕಾಯಿತು, ಹೆಬ್ಬಾತು ಆಯಿತು. ಒಳ್ಳೆಯ ಪದವೇ, ಬಾಯಿ ತುಂಬುತ್ತದೆ. ಅಷ್ಟರಲ್ಲಿ ನಿಜವಾದ ಹಂಸ ತನ್ನ ಹೆಸರು ಕಳೆದುಕೊಂಡಿತು. ಗೊಂದಲ ಸಾಲದು ಎಂಬಂತೆ ಫ್ಲೆಮಿಂಗೊ ಹಕ್ಕಿಗೆ ಪತ್ರಿಕೆಗಳಲ್ಲಿ ರಾಜಹಂಸ ಎನ್ನುತ್ತಾರೆ. ಅದು ಗುಲಾಬಿ ಬಣ್ಣದ, ಕೋಲು ಕಾಲಿನ ಬೇರೆಯೇ ಕುಟುಂಬದ ಹಕ್ಕಿ. ಕೆಎಸ್‌ಆರ್‌ಟಿಸಿ ಬಸ್ಸಿಗೂ ರಾಜಹಂಸ ಎಂದು ಹೆಸರಿದೆ, ಅದರ ಬಗ್ಗೆ ನನ್ನದು ತಕರಾರಿಲ್ಲ.

ಮಗಳು ಪರೀಕ್ಷೆಯಲ್ಲಿ ಹೆಬ್ಬಾತು ಎಂದೇ ಬರೆಯಲಿ, ಈಗ ಪುಸ್ತಕದ ಪದ ಅದು. ಮಾವನವರು ಕಟ್ಟೆಯ ಮೇಲೆ ಕೂತು ಹಂಸ ಎನ್ನಲಿ.

ನಿಮ್ಮ ಜೋಡಿಗೆ ಬೇಕಾದದ್ದು ಹುಲ್ಲು, ಹಸಿ ಸೊಪ್ಪು, ಸ್ವಲ್ಪ ಕಾಳು, ತಲೆ ಮುಳುಗಿಸುವಷ್ಟು ಸ್ವಚ್ಛ ನೀರು. ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ ಒಂದು ಕಡೆ ಹತ್ತಿ ಬರಲು ಇಳಿಜಾರು ಮಾಡಿಕೊಡಿ. ಜಾರುವ ದಡ ಹತ್ತಲಾಗದೆ ಸುಸ್ತಾಗಿ ಸತ್ತವನ್ನು ನೋಡಿದ್ದೇನೆ. ಮೊಟ್ಟೆ ಇಟ್ಟು ಕಾವಿಗೆ ಕೂತರೆ ಸುಮಾರು 30 ದಿನ. ಆಗ ಗಂಡಿನ ಹತ್ತಿರ ಮೊಣಕಾಲು ಕೊಡಬೇಡಿ. ಕೆರೆಯಿಂದ ಪಟ್ಟೆತಲೆ ಹೆಬ್ಬಾತನ್ನು ಹಿಡಿದು ತಂದುಕೊಡುತ್ತೇನೆ ಎಂದು ಯಾರಾದರೂ ಬಂದರೆ ಒಪ್ಪಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಡಿಸೆಂಬರ್, ಜನವರಿಯಲ್ಲಿ ಒಂದು ಬೆಳಿಗ್ಗೆ ಮಗಳನ್ನೂ ಮಾವನವರನ್ನೂ ಕರೆದುಕೊಂಡು ಕೆರೆಗೆ ಹೋಗಿ. ಹೊತ್ತು ಮೂಡುವ ಮುಂಚೆ ಏರಿಯ ಮೇಲಿರಿ. ಹೊಲದಿಂದ ಸಾಲುಸಾಲಾಗಿ ಮರಳುವಾಗ ಮೊದಲು ದನಿ ಕೇಳುತ್ತದೆ, ಆಮೇಲೆ ಹಕ್ಕಿ ಕಾಣುತ್ತದೆ. ಬೈನಾಕ್ಯುಲರ್ ಇದ್ದರೆ ಕತ್ತುಗಳನ್ನು ಒಂದೊಂದಾಗಿ ನೋಡಿ. ಮಂಗೋಲಿಯಾದಲ್ಲಿ ಕತ್ತಿಗೆ ಪಟ್ಟಿ ತೊಡಿಸಿ ಬಿಟ್ಟ ಹಕ್ಕಿಗಳು ಮೈಸೂರು ಕಡೆಯ ಹದಿನಾರು ಕೆರೆಯವರೆಗೂ ಬಂದಿವೆ. ಪಟ್ಟಿ ಕಂಡರೆ ಅದರ ಬಣ್ಣ, ಮೇಲಿನ ಅಕ್ಷರ, ಅಂಕಿ ಬರೆದುಕೊಂಡು ಅರಣ್ಯ ಇಲಾಖೆಯವರಿಗೆ ಕೊಡಿ. ನನಗೂ ಒಂದು ಸಾಲು ಬರೆದು ತಿಳಿಸಿ.